ದಿನಕ್ಕೊಂದೇ ದಿಕ್ಕು: ಮನೆಮಂದಿಯೊಂದಿಗೆ ಲಂಡನ್ ನೋಡುವುದು ಹೇಗೆ

ಲಂಡನ್ನಿಗೆ ಹೊರಟವರು ಮೊದಲು ಮಾಡುವ ಕೆಲಸ ಪಟ್ಟಿ ಬರೆಯುವುದು. ಟವರ್ ಕೋಟೆ, ಅರಮನೆ, ಮ್ಯೂಸಿಯಂ, ಲಂಡನ್ ಐ ಎಂಬ ದೈತ್ಯ ಚಕ್ರ, ಗ್ರೀನಿಚ್ ಅಂತ ಇಪ್ಪತ್ತು ಹೆಸರು ಸಲೀಸಾಗಿ ಆಗಿಬಿಡುತ್ತವೆ. ಆಮೇಲೆ ಅವನ್ನು ಆರು ದಿನಕ್ಕೆ ಹಂಚುತ್ತಾರೆ: ಬೆಳಿಗ್ಗೆ ಊರಿನ ಪೂರ್ವಕ್ಕೆ, ಮಧ್ಯಾಹ್ನ ಪಶ್ಚಿಮಕ್ಕೆ, ಸಂಜೆ ಮತ್ತೆ ನದಿಯ ಆಚೆಗೆ. ಎರಡನೇ ದಿನವೇ ತಾತನ ಮೊಣಕಾಲು ಕೈಕೊಡುತ್ತದೆ, ಮಗು ಮ್ಯೂಸಿಯಂ ಬಾಗಿಲಲ್ಲೇ ಕೂತುಬಿಡುತ್ತದೆ.

ದಿನಕ್ಕೆ ಒಂದೇ ದಿಕ್ಕು, ದುಡ್ಡು ಕೊಟ್ಟು ನೋಡುವ ಜಾಗವೂ ಒಂದೇ ಎಂದು ಮೊದಲೇ ತೀರ್ಮಾನಿಸಿಕೊಂಡರೆ ಅರ್ಧ ತಾಪತ್ರಯ ತಪ್ಪುತ್ತದೆ. ಆ ಊರಿನ ದೊಡ್ಡ ಮ್ಯೂಸಿಯಂಗಳು ಪುಕ್ಕಟೆ, ಉದ್ಯಾನಗಳು ಪುಕ್ಕಟೆ, ನದಿಯ ದಂಡೆ ಪುಕ್ಕಟೆ. ಹಾಗಾಗಿ ಒಂದು ಟಿಕೆಟ್ಟಿನ ಸುತ್ತ ಇಡೀ ದಿನ ಕಟ್ಟಬಹುದು. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಜೊತೆಗೆ ಅಜ್ಜಿ-ತಾತ ಇರುವ ಆರು ಮಂದಿ ಆರೇಳು ದಿನಕ್ಕೆ ಹೋಗುತ್ತಾರೆ ಎಂದುಕೊಂಡು ಮುಂದಿನದನ್ನು ಬರೆದಿದೆ.

ಯಾವಾಗ ಹೋಗುವುದು

ನಮ್ಮ ಶಾಲೆಗಳಿಗೆ ಏಪ್ರಿಲ್-ಮೇ ರಜೆ. ಅಲ್ಲಿನ ಶಾಲೆಗಳಿಗೂ ಈಸ್ಟರ್ ಸುತ್ತ ಎರಡು ವಾರ, ಮೇ ಕೊನೆಯಲ್ಲಿ ಒಂದು ವಾರ ರಜೆ ಇರುತ್ತದೆ. ಆ ಮೂರು ವಾರ ಮ್ಯೂಸಿಯಂ ಸಾಲುಗಳು ಬೀದಿಗೆ ಬರುತ್ತವೆ, ಹೋಟೆಲ್ ದರವೂ ಏರುತ್ತದೆ. ಈಸ್ಟರ್ ರಜೆ ಮುಗಿದ ಮೇಲಿನಿಂದ ಮೇ ಮೂರನೇ ವಾರದವರೆಗಿನ ಅವಧಿಯೇ ನಮಗೆ ಹೇಳಿಮಾಡಿಸಿದ್ದು. ಮೇ ತಿಂಗಳ ಮೊದಲ ಮತ್ತು ಕೊನೆಯ ಸೋಮವಾರ ಅಲ್ಲಿ ಸಾರ್ವಜನಿಕ ರಜೆ ಎಂಬುದು ನೆನಪಿರಲಿ. ದಸರಾ ರಜೆಗೆ ಹೋಗುವವರು ಅಕ್ಟೋಬರ್ ಕೊನೆಯ ವಾರವನ್ನು ತಪ್ಪಿಸಬೇಕು, ಅಲ್ಲಿನ ಮಕ್ಕಳಿಗೂ ಆಗ ಸಾಮಾನ್ಯವಾಗಿ ರಜೆ. ಡಿಸೆಂಬರ್‌ನಲ್ಲಿ ದೀಪಾಲಂಕಾರ ಚೆನ್ನ, ಆದರೆ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಜೂನ್‌ನಲ್ಲಿ ರಾತ್ರಿ ಒಂಬತ್ತರ ನಂತರವೂ ಬೆಳಕಿರುತ್ತದೆ.

ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ಅಂದರೆ ಮೊದಲ ಎರಡು ಮೂರು ದಿನ ಮಕ್ಕಳು ನಸುಕಿನ ಮೂರಕ್ಕೋ ನಾಲ್ಕಕ್ಕೋ ಎದ್ದು ಕೂರುತ್ತಾರೆ, ಸಂಜೆ ಆರಕ್ಕೆ ತೂಕಡಿಸುತ್ತಾರೆ. ಮೊದಲ ದಿನಗಳಿಗೆ ರಾತ್ರಿಯ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಬೆಳಿಗ್ಗೆ ಎಂಟಕ್ಕೇ ಹೊರಬಿದ್ದರೆ ಊರು ಖಾಲಿ ಖಾಲಿ ಸಿಗುತ್ತದೆ.

ವೀಸಾ

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾ ಬ್ರಿಟನ್ನಿಗೆ ನಡೆಯುವುದಿಲ್ಲ, ಬೇರೆಯೇ ಬೇಕು. ಪ್ರಯಾಣಕ್ಕೆ ಮೂರು ತಿಂಗಳು ಮುಂಚೆ ಅರ್ಜಿ ಹಾಕಬಹುದು. ಬೆಂಗಳೂರಿನ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರದೊಳಗೆ ತೀರ್ಮಾನವಾಗುತ್ತದೆ. ಹಸುಗೂಸಿಗೂ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ. ಆರು ತಿಂಗಳ ಬ್ಯಾಂಕ್ ಲೆಕ್ಕ, ಆದಾಯ ತೆರಿಗೆ ವಿವರ, ಕೆಲಸದ ಕಡೆಯಿಂದ ರಜೆ ಪತ್ರ, ಮಕ್ಕಳ ಜನನ ಪ್ರಮಾಣಪತ್ರ ಜೋಡಿಸಿ. ಅಜ್ಜಿ-ತಾತನ ಖರ್ಚು ಮಗನೋ ಮಗಳೋ ನೋಡಿಕೊಳ್ಳುವುದಾದರೆ ಅದನ್ನು ಒಂದು ಪತ್ರದಲ್ಲಿ ಬರೆದು, ಸಂಬಂಧ ತೋರಿಸುವ ದಾಖಲೆ ಇಡಿ. ಅರ್ಜಿಗೆ ಹಿಂದಿನ ವಾರ ಖಾತೆಗೆ ಏಕಾಏಕಿ ದೊಡ್ಡ ಮೊತ್ತ ತುಂಬಿಸುವುದು ಅನೇಕರು ಮಾಡುವ ತಪ್ಪು. ಹಣ ಎಲ್ಲಿಂದ ಬಂತು ಎಂಬುದಕ್ಕೆ ಕಾಗದ ಇಲ್ಲದಿದ್ದರೆ ಅದೇ ನಿರಾಕರಣೆಗೆ ಕಾರಣವಾಗುತ್ತದೆ. ಸ್ಟಿಕ್ಕರ್ ಬದಲು ಇ-ವೀಸಾ ಬಂದರೆ ಪ್ರತಿಯೊಬ್ಬರ ಆನ್‌ಲೈನ್ ಖಾತೆಗೂ ಪಾಸ್‌ಪೋರ್ಟ್ ಜೋಡಣೆಯಾಗಿದೆಯೇ ಎಂದು ಹೊರಡುವ ಮುಂಚೆ ನೋಡಿಕೊಳ್ಳಿ.

ಪ್ರಯಾಣ ವಿಮೆ ಬೇಕೇಬೇಕು. ಅಪಘಾತ-ತುರ್ತು ವಿಭಾಗದಲ್ಲಿ ನೋಡಿದ್ದಕ್ಕೆ ಶುಲ್ಕವಿಲ್ಲ, ಆದರೆ ಅಲ್ಲಿಂದ ಒಳರೋಗಿಯಾಗಿ ಸೇರಿಸಿಕೊಂಡರೆ ಪ್ರವಾಸಿಗರಿಗೆ ಬಿಲ್ ಬರುತ್ತದೆ. ಅಜ್ಜಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದರೆ ಅದನ್ನು ವಿಮೆಯಲ್ಲಿ ಮುಚ್ಚಿಡಬೇಡಿ. ತುರ್ತು ಕರೆಗೆ 999, ವೈದ್ಯರ ಸಲಹೆಗೆ 111.

ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು

ಭಾರತದಿಂದ ಹಾಲಿನ ಪದಾರ್ಥ ಮತ್ತು ಮಾಂಸ ಒಯ್ಯುವಂತಿಲ್ಲ. ತುಪ್ಪ, ಪೇಡ, ಪನೀರ್, ಮನೆಯ ಬೆಣ್ಣೆ ಎಲ್ಲ ಇಲ್ಲೇ ಬಿಡಿ. ಹಸಿ ಕರಿಬೇವು, ಹಣ್ಣು, ತರಕಾರಿಯೂ ಬೇಡ. ಚಕ್ಕುಲಿ, ಕೋಡುಬಳೆ, ಹುರಿದ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಹುರಿದ ರವೆಗೆ ತೊಂದರೆಯಿಲ್ಲ. ಎಣ್ಣೆಯಲ್ಲೇ ಮಾಡಿ, ಸೀಲ್ ಆಗಿರುವ ಪೊಟ್ಟಣದಲ್ಲಿರಲಿ.

ವಿದ್ಯುತ್ ನಮ್ಮಂತೆಯೇ 230 ವೋಲ್ಟ್, ಆದ್ದರಿಂದ ಕನ್ವರ್ಟರ್ ಬೇಡ. ಪ್ಲಗ್ ಮಾತ್ರ ಬೇರೆ, ಮೂರು ಚಪ್ಪಟೆ ಕಡ್ಡಿಯದು. ಎರಡು ಅಡಾಪ್ಟರ್ ಮತ್ತು ಇಲ್ಲಿನ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಆರೂ ಜನರ ಫೋನ್ ಚಾರ್ಜ್ ಆಗುತ್ತದೆ. ಅದೇ ಬೋರ್ಡಿಗೆ ರೈಸ್ ಕುಕ್ಕರ್ ಸಿಕ್ಕಿಸಬೇಡಿ, ಅದನ್ನು ನೇರ ಗೋಡೆಗೇ ಹಾಕಿ.

ಬಟ್ಟೆಗೆ ಪದರದ ಲೆಕ್ಕ: ತೆಳುವಾದ ಅಂಗಿ, ಮೇಲೊಂದು ಸ್ವೆಟರ್, ಅದರ ಮೇಲೆ ತಲೆಗೂ ಮುಚ್ಚಿಗೆ ಇರುವ ಮಳೆ ಜಾಕೆಟ್. ಗಾಳಿಗೆ ಕೊಡೆ ಉಲ್ಟಾ ಆಗುತ್ತದೆ. ಹೊಸ ಶೂ ಧರಿಸಿ ವಿಮಾನ ಹತ್ತಬೇಡಿ. ದಿನಕ್ಕೆ ಏಳೆಂಟು ಕಿಲೋಮೀಟರ್ ನಡೆಯುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಹಿಂದಿನ ಒಂದು ತಿಂಗಳು ಅದೇ ಶೂ ಹಾಕಿ ವಾಕಿಂಗ್ ಮಾಡಿ. ಐದು ವರ್ಷದ ಮಗು ಸ್ಟ್ರಾಲರ್ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಮಡಚುವ ಹಗುರವಾದದ್ದೊಂದು ಇರಲಿ.

ಉಳಿಯುವ ಜಾಗ

ಸಾಮಾನ್ಯ ಹೋಟೆಲಿನ ಫ್ಯಾಮಿಲಿ ರೂಮ್ ಎಂದರೆ ಹೆಚ್ಚಿನ ಕಡೆ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಮಾತ್ರ. ಆರು ಮಂದಿಗೆ ಎರಡು ಕೋಣೆ ಅಥವಾ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹೋಟೆಲ್ ಬೇಕಾಗುತ್ತದೆ. ಸಸ್ಯಾಹಾರಿಗಳಿಗೆ ಎರಡನೆಯದೇ ಸರಿ. ಒಂದು ಎಚ್ಚರಿಕೆ: ಒಗ್ಗರಣೆ ಹಾಕಿದ ಹೊಗೆಗೆ ಅಲಾರಂ ಕೂಗಿ, ಇಡೀ ಕಟ್ಟಡದವರು ಬೀದಿಗೆ ಬರಬೇಕಾದೀತು. ಒಲೆಯ ಮೇಲಿನ ಫ್ಯಾನ್ ಮೊದಲೇ ಹಾಕಿ, ಒಗ್ಗರಣೆ ಸಣ್ಣ ಉರಿಯಲ್ಲಿ. ಮೆಣಸಿನಕಾಯಿ ಹುರಿಯುವ ಸಾಹಸ ಬೇಡವೇ ಬೇಡ.

ಹಳೆಯ ಮನೆಗಳನ್ನು ಹೋಟೆಲ್ ಮಾಡಿರುವ ಕಡೆ ಲಿಫ್ಟ್ ಇರುವುದಿಲ್ಲ, ಮೆಟ್ಟಿಲು ಕಡಿದಾಗಿರುತ್ತದೆ. ಬುಕ್ ಮಾಡುವಾಗ ಲಿಫ್ಟ್ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಊರಿನ ಸಾರಿಗೆಯನ್ನು ವಲಯಗಳಾಗಿ ಹಂಚಿದ್ದಾರೆ, ಒಂದನೇ ವಲಯ ನಟ್ಟನಡುವೆ. ಎರಡು, ಮೂರನೇ ವಲಯದಲ್ಲಿ ಬಾಡಿಗೆ ಇಳಿಯುತ್ತದೆ. ಆದರೆ ದೂರಕ್ಕಿಂತ ಮುಖ್ಯವಾದದ್ದು ನಿಲ್ದಾಣ. ಮೆಟ್ಟಿಲಿಲ್ಲದ ನಿಲ್ದಾಣಕ್ಕೆ ಐದು ನಿಮಿಷದ ನಡಿಗೆಯಲ್ಲಿರುವ ಕೋಣೆಯನ್ನು ಆರಿಸಿ. ಎಲಿಜಬೆತ್ ಲೈನ್ ಎಂಬ ರೈಲು ಮಾರ್ಗದ ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಅಥವಾ ಇಳಿಜಾರು ಇದೆ. ಪ್ಯಾಡಿಂಗ್ಟನ್, ವೈಟ್‌ಚಾಪೆಲ್, ಸ್ಟ್ರಾಟ್‌ಫರ್ಡ್ ಸುತ್ತ ಹುಡುಕುವುದು ಅದಕ್ಕೇ.

ಟ್ಯೂಬು, ಬಸ್ಸು, ಕಾರ್ಡು

ಹೆಚ್ಚು ದುಡ್ಡು ವ್ಯರ್ಥವಾಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದನ್ನು 2014ರಲ್ಲೇ ನಿಲ್ಲಿಸಿದ್ದಾರೆ. ಟ್ಯಾಪ್ ಮಾಡುವ ವೀಸಾ ಅಥವಾ ಮಾಸ್ಟರ್‌ಕಾರ್ಡ್, ಇಲ್ಲವೇ ದುಡ್ಡು ತುಂಬಿಸಿಕೊಳ್ಳುವ ಅಲ್ಲಿನ ಸಾರಿಗೆಯ ಆಯ್‌ಸ್ಟರ್ ಕಾರ್ಡ್ ಬೇಕು. ರುಪೇ ನಂಬಿಕೊಂಡು ಹೋಗಬೇಡಿ. ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಬೇರೆಬೇರೆಯಾಗಿ ಆನ್ ಮಾಡಬೇಕು. ಒಂದನ್ನು ಮರೆತವರು ಗೇಟಿನ ಮುಂದೆ ಸಾಲು ನಿಲ್ಲಿಸಿಕೊಂಡು ಒದ್ದಾಡುತ್ತಾರೆ.

ಒಬ್ಬರಿಗೆ ಒಂದು ಕಾರ್ಡ್. ಗಂಡ ಹೆಂಡತಿ ಒಂದೇ ಕಾರ್ಡ್ ಒತ್ತಿ ಒಬ್ಬರ ಹಿಂದೊಬ್ಬರು ಒಳಹೋಗಲು ಆಗದು. ಟ್ಯೂಬಿನಲ್ಲಿ, ಅಂದರೆ ನೆಲದಡಿಯ ರೈಲಿನಲ್ಲಿ, ಒಳಗೆ ಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ, ಅದೇ ಕಾರ್ಡನ್ನೇ ಒತ್ತಬೇಕು. ಒಳಗೆ ಹೋಗುವಾಗ ಫೋನು, ಹೊರಬರುವಾಗ ಪ್ಲಾಸ್ಟಿಕ್ ಕಾರ್ಡು ಒತ್ತಿದರೆ, ಎರಡೂ ಒಂದೇ ಖಾತೆಯದ್ದಾದರೂ, ಯಂತ್ರಕ್ಕೆ ಅವು ಎರಡು ಅಪೂರ್ಣ ಪ್ರಯಾಣ. ಎರಡಕ್ಕೂ ಗರಿಷ್ಠ ದರ ಬೀಳುತ್ತದೆ. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಒತ್ತುವುದು. ಮೊದಲ ಬಸ್ಸಿನಲ್ಲಿ ಒತ್ತಿದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿ ಹತ್ತಿದರೂ ಒಂದೇ ಟಿಕೆಟ್ಟಿನ ದುಡ್ಡು. ದಿನದ ಖರ್ಚು ಒಂದು ಮಿತಿ ಮುಟ್ಟಿದ ಮೇಲೆ ಅಂದು ಮತ್ತೆ ಕತ್ತರಿಸುವುದಿಲ್ಲ, ಹಾಗಾಗಿ ದಿನದ ಪಾಸ್ ಕೊಳ್ಳುವ ಅಗತ್ಯವಿಲ್ಲ.

ಹತ್ತು ವರ್ಷದವರೆಗಿನ ಮಕ್ಕಳಿಗೆ ಬಸ್ಸು ಪುಕ್ಕಟೆ. ಟ್ಯೂಬಿನಲ್ಲಿ ಐದರಿಂದ ಹತ್ತು ವರ್ಷದ ನಾಲ್ಕು ಮಕ್ಕಳವರೆಗೆ ಒಬ್ಬ ದೊಡ್ಡವರ ಜೊತೆ ಪುಕ್ಕಟೆ. ಅವರಿಗೆ ಕಾರ್ಡ್ ಕೊಡಬೇಡಿ, ಕೊಟ್ಟರೆ ದೊಡ್ಡವರ ದರ ಕತ್ತರಿಸುತ್ತದೆ. ಅಗಲವಾದ ಗೇಟಿನಲ್ಲಿ ನಿಮ್ಮ ಜೊತೆಗೇ ಕರೆದುಕೊಂಡು ಹೋಗಿ. ಹನ್ನೊಂದರಿಂದ ಹದಿನೈದರವರಿಗೆ ಒಂದು ಆಯ್‌ಸ್ಟರ್ ಕಾರ್ಡ್ ಕೊಂಡು, ನಿಲ್ದಾಣದ ಸಿಬ್ಬಂದಿಯ ಬಳಿ ‘ಯಂಗ್ ವಿಸಿಟರ್’ ರಿಯಾಯಿತಿ ಹಾಕಿಕೊಡಿ ಎಂದು ಕೇಳಿ. ಹದಿನಾಲ್ಕು ದಿನದವರೆಗೆ ಅರ್ಧ ದರ. ಬ್ಯಾಂಕ್ ಕಾರ್ಡಿಗೆ ಈ ರಿಯಾಯಿತಿ ಹಾಕಲು ಬರುವುದಿಲ್ಲ.

ವಾರದ ದಿನಗಳಲ್ಲಿ ಬೆಳಿಗ್ಗೆ 6.30ರಿಂದ 9.30, ಸಂಜೆ 4ರಿಂದ 7 ಟ್ಯೂಬಿಗೆ ದುಬಾರಿ ಹೊತ್ತು, ನೂಕುನುಗ್ಗಲೂ ಆಗಲೇ. ಆ ಹೊತ್ತಿನಲ್ಲಿ ಸ್ಟ್ರಾಲರ್ ಸಮೇತ ಟ್ಯೂಬು ಹತ್ತುವುದಕ್ಕಿಂತ ಬಸ್ಸೇ ವಾಸಿ. ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಿ, ಎಡ ಬದಿ ಅವಸರದವರಿಗೆ. ಬಹಳಷ್ಟು ಹಳೆಯ ನಿಲ್ದಾಣಗಳಲ್ಲಿ ಇಂದಿಗೂ ಮೆಟ್ಟಿಲೇ ಗತಿ. 1863ರಲ್ಲಿ ಶುರುವಾದ ಜಾಲವದು. ಗಾಲಿಕುರ್ಚಿ ಗುರುತಿರುವ ‘ಸ್ಟೆಪ್ ಫ್ರೀ’ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಕೋವೆಂಟ್ ಗಾರ್ಡನ್ ನಿಲ್ದಾಣದಲ್ಲಿ ಲಿಫ್ಟಿನ ಸಾಲು ನೋಡಿ ಮೆಟ್ಟಿಲ ಕಡೆ ತಿರುಗಬೇಡಿ, ಅಲ್ಲಿರುವುದು 193 ಮೆಟ್ಟಿಲು. ಅಲ್ಲಿಂದ ಲೆಸ್ಟರ್ ಸ್ಕ್ವೇರ್‌ಗೆ ಟ್ಯೂಬ್ ಹಿಡಿಯುವುದೂ ದಂಡ, ಎರಡರ ನಡುವೆ ಮುನ್ನೂರು ಮೀಟರ್ ಕೂಡ ಇಲ್ಲ.

ಪ್ರವಾಸಿ ಬಸ್ಸಿನ ದುಬಾರಿ ಟಿಕೆಟ್ ಬದಲು ಊರಿನ ಡಬಲ್ ಡೆಕ್ಕರನ್ನೇ ಹತ್ತಿ, ಮೇಲೆ ಮುಂದಿನ ಸೀಟು ಹಿಡಿಯಿರಿ. 15ನೇ ನಂಬರ್ ಟ್ರಫಾಲ್ಗರ್ ಸ್ಕ್ವೇರ್ ಕಡೆಯಿಂದ ಸೇಂಟ್ ಪಾಲ್ಸ್ ದಾಟಿ ಟವರ್‌ಗೆ ಹೋಗುತ್ತದೆ. 9ನೇ ನಂಬರ್ ಟ್ರಫಾಲ್ಗರ್ ಸ್ಕ್ವೇರ್‌ನಿಂದ ಹೈಡ್ ಪಾರ್ಕ್ ಅಂಚಿನಲ್ಲಿ ಹಾದು ರಾಯಲ್ ಆಲ್ಬರ್ಟ್ ಹಾಲ್ ಕಡೆಗೆ. ಅಜ್ಜಿ-ತಾತನಿಗೆ ಕೂತಲ್ಲೇ ಊರು ತೋರಿಸಲು ಇವೆರಡು ಸಾಕು.

ಹೀಥ್ರೂ ವಿಮಾನ ನಿಲ್ದಾಣದಿಂದ ಊರಿಗೆ ಟ್ಯೂಬಿನ ಪಿಕಡಿಲಿ ಲೈನ್ ಅತಿ ಅಗ್ಗ, ಸುಮಾರು ಒಂದು ಗಂಟೆ. ಎಲಿಜಬೆತ್ ಲೈನಿನಲ್ಲಿ ಪ್ಯಾಡಿಂಗ್ಟನ್ನಿಗೆ ಅರ್ಧ ಗಂಟೆ, ದರ ಎರಡು ಪಟ್ಟಿಗೂ ಹೆಚ್ಚು, ಆದರೆ ಪೆಟ್ಟಿಗೆ ಇಡಲು ಜಾಗವಿದೆ, ಲಿಫ್ಟ್ ಇದೆ. ಹತ್ತು ಗಂಟೆಗೂ ಹೆಚ್ಚು ಹಾರಿ ಬಂದ ದಿನ ಆ ಹೆಚ್ಚುವರಿ ದುಡ್ಡು ಕೊಡುವುದೇ ಜಾಣತನ.

ದಿನಗಳನ್ನು ಕಟ್ಟುವ ಬಗೆ

ವೆಸ್ಟ್‌ಮಿನ್‌ಸ್ಟರ್ ಕಡೆಯ ದಿನ. ಈ ದಿನವನ್ನು ಸೋಮ, ಬುಧ, ಶುಕ್ರ ಅಥವಾ ಭಾನುವಾರ ಇಟ್ಟುಕೊಳ್ಳಿ. ಬಕಿಂಗ್‌ಹ್ಯಾಮ್ ಅರಮನೆಯ ಕಾವಲುಗಾರರ ಬದಲಾವಣೆ ಸಾಮಾನ್ಯವಾಗಿ ಆ ದಿನಗಳಲ್ಲಿ 11 ಗಂಟೆಗೆ. ಆದರೆ ವೆಸ್ಟ್‌ಮಿನ್‌ಸ್ಟರ್ ಆ್ಯಬಿಯ ಒಳಗೂ ಹೋಗಬೇಕೆಂದಿದ್ದರೆ ಭಾನುವಾರ ಬೇಡ, ಅಂದು ಪ್ರಾರ್ಥನೆಗೆ ಮಾತ್ರ ಪ್ರವೇಶ. ಬೆಳಿಗ್ಗೆ ಎಂಟಕ್ಕೆ ವೆಸ್ಟ್‌ಮಿನ್‌ಸ್ಟರ್ ನಿಲ್ದಾಣದಲ್ಲಿ ಇಳಿದರೆ ಸೇತುವೆಯ ಮೇಲೆ ಫೋಟೊಗೆ ಜಾಗ ಸಿಗುತ್ತದೆ. ಸೇತುವೆ ದಾಟಿ ಬಲಕ್ಕೆ ತಿರುಗಿ, ನದಿಯ ದಂಡೆಯಲ್ಲೇ ನಡೆಯಿರಿ. ಎದುರು ದಂಡೆಯಲ್ಲಿ ಪಾರ್ಲಿಮೆಂಟ್ ಪೂರ್ತಿ ಕಾಣುತ್ತದೆ, ಎಡಕ್ಕೆ ಕೋವಿಡ್‌ನಲ್ಲಿ ತೀರಿಕೊಂಡವರ ನೆನಪಿನ ಕೆಂಪು ಹೃದಯಗಳ ಗೋಡೆ. ಲ್ಯಾಂಬೆತ್ ಸೇತುವೆ ಬಳಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವೇಶ್ವರರ ಪುತ್ಥಳಿ ಇದೆ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಟಿಕೆಟ್ಟಿಲ್ಲ, ಸಾಲಿಲ್ಲ, ಕನ್ನಡದವರು ಇಷ್ಟು ಹತ್ತಿರ ಬಂದು ನೋಡದೆ ಹೋಗುವುದು ನಕ್ಷೆಯಲ್ಲಿ ಹುಡುಕದ ಕಾರಣಕ್ಕೆ ಅಷ್ಟೇ. ಲ್ಯಾಂಬೆತ್ ಸೇತುವೆ ದಾಟಿ ಆಚೆ ದಂಡೆಗೆ ಬಂದು, ಆ್ಯಬಿಯ ಪಕ್ಕದಿಂದ ಸೇಂಟ್ ಜೇಮ್ಸಸ್ ಪಾರ್ಕ್ ಸೇರಿ.

ಅರಮನೆಯ ಗೇಟಿನ ಬಳಿ ಮುಂದಿನ ಸಾಲು ಬೇಕೆಂದರೆ ಹತ್ತಕ್ಕೆ ಮುಂಚೆ ನಿಲ್ಲಬೇಕು. ಸಣ್ಣ ಮಕ್ಕಳಿಗೆ ಅದು ಶಿಕ್ಷೆ, ದೊಡ್ಡವರ ಬೆನ್ನು ಬಿಟ್ಟರೆ ಅವರಿಗೆ ಬೇರೇನೂ ಕಾಣುವುದಿಲ್ಲ. ಅರಮನೆಗೆ ಹೋಗುವ ಮಾಲ್ ಎಂಬ ರಸ್ತೆಯ ಬದಿಯಲ್ಲಿ ನಿಂತು ವಾದ್ಯದ ಮೆರವಣಿಗೆ ನೋಡಿದರೆ ಸಾಕು. ಉದ್ಯಾನದ ಕೊಳದಲ್ಲಿ ಹೆಜ್ಜಾರ್ಲೆ ಹಕ್ಕಿಗಳಿವೆ, ಮಧ್ಯಾಹ್ನ ಎರಡೂವರೆ ಸುಮಾರಿಗೆ ಅವಕ್ಕೆ ಮೀನು ಹಾಕುತ್ತಾರೆ. ಕಾವಲುಗಾರರಿಗಿಂತ ಇವನ್ನೇ ಮಕ್ಕಳು ಹೆಚ್ಚು ನೆನಪಿಟ್ಟುಕೊಳ್ಳುವುದು.

ಟವರ್ ಕಡೆಯ ದಿನ. ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ಕೊಂಡು, ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಒಳಹೊಕ್ಕವರೇ ನೇರ ರಾಜಮನೆತನದ ಒಡವೆಗಳಿರುವ ಜ್ಯೂಯೆಲ್ ಹೌಸ್‌ಗೆ ಹೋಗಿ. ಹನ್ನೊಂದರ ನಂತರ ಅಲ್ಲಿನ ಸಾಲು ಅಂಗಳ ಸುತ್ತುತ್ತದೆ. ಕೊಹಿನೂರ್ ಇರುವುದು ರಾಜಮಾತೆ ಎಲಿಜಬೆತ್ ಅವರ ಕಿರೀಟದಲ್ಲಿ. ಫೋಟೊ ತೆಗೆಯುವಂತಿಲ್ಲ. ಕಿರೀಟಗಳ ಮುಂದೆ ಚಲಿಸುವ ಪಟ್ಟಿ ನಿಮ್ಮನ್ನು ಸಾಗಿಸಿಬಿಡುತ್ತದೆ, ಮತ್ತೊಮ್ಮೆ ನೋಡಬೇಕೆಂದರೆ ಹಿಂದೆ ಬಂದು ಹತ್ತಬಹುದು. ಆಮೇಲೆ ಕಡುನೀಲಿ-ಕೆಂಪು ಉಡುಪಿನ ಕೋಟೆ ಕಾವಲುಗಾರರಾದ ಬೀಫೀಟರ್‌ಗಳ ವಿವರಣೆಯ ಸುತ್ತಾಟಕ್ಕೆ ಸೇರಿಕೊಳ್ಳಿ, ಅದು ಟಿಕೆಟ್ಟಿನಲ್ಲೇ ಸೇರಿದೆ. ಕೋಟೆಯೊಳಗೆ ಕಲ್ಲುಹಾಸು, ಸುರುಳಿ ಮೆಟ್ಟಿಲು. ಅಜ್ಜಿ ವೈಟ್ ಟವರ್ ಹತ್ತದೆ ಅಂಗಳದ ಬೆಂಚಿನಲ್ಲಿ ಅಲ್ಲಿ ಸಾಕಿರುವ ದೊಡ್ಡ ರೇವನ್ ಕಾಗೆಗಳನ್ನು ನೋಡುತ್ತ ಕೂರಲಿ. ಹೊರಬಂದರೆ ಎದುರಿಗೇ 1894ರ ಟವರ್ ಬ್ರಿಡ್ಜ್. ಹಡಗಿಗಾಗಿ ಅದು ತೆರೆದುಕೊಳ್ಳುವ ವೇಳಾಪಟ್ಟಿ ಅವರ ಜಾಲತಾಣದಲ್ಲಿರುತ್ತದೆ, ಅದಕ್ಕೆ ಹೊಂದಿಸಿಕೊಂಡು ಹೊರಗೆ ಬನ್ನಿ. ಟ್ಯಾಕ್ಸಿಯವರಿಗೆ ‘ಲಂಡನ್ ಬ್ರಿಡ್ಜ್’ ಎಂದರೆ ಪಕ್ಕದ ಇನ್ನೊಂದು ಸಾದಾ ಸೇತುವೆಗೆ ಕರೆದೊಯ್ಯುತ್ತಾರೆ. ಎತ್ತರದಿಂದ ಊರು ನೋಡಲು ಹತ್ತಿರದ ಸ್ಕೈ ಗಾರ್ಡನ್ ಪುಕ್ಕಟೆ, ಆದರೆ ಸಮಯವನ್ನು ವಾರಗಳ ಮುಂಚೆಯೇ ಕಾಯ್ದಿರಿಸಬೇಕು. ಅದು ಸಿಕ್ಕಿದರೆ ಅರ್ಧ ಗಂಟೆಯ ಲಂಡನ್ ಐ ಟಿಕೆಟ್ ಉಳಿಯಿತು.

ಸೌತ್ ಕೆನ್ಸಿಂಗ್ಟನ್ ದಿನ ಮಳೆಗೆ ಮೀಸಲು. ಮೂರು ದೊಡ್ಡ ಮ್ಯೂಸಿಯಂಗಳು ಒಂದೇ ಬೀದಿಯಲ್ಲಿ, ನಿಲ್ದಾಣದಿಂದ ಸುರಂಗದಲ್ಲೇ ನಡೆದು ಹೋಗಬಹುದು. ಮೂರನ್ನೂ ಮುಗಿಸುವ ಹಟ ಬೇಡ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಎಕ್ಸಿಬಿಷನ್ ರೋಡ್ ಬಾಗಿಲಿನಿಂದ ಹೋಗಿ, ಮುಖ್ಯ ಬಾಗಿಲಿಗಿಂತ ಅಲ್ಲಿ ಸಾಲು ಚಿಕ್ಕದು. ಡೈನೋಸಾರ್ ಭಾಗ ಮೊದಲು, ನೀಲಿ ತಿಮಿಂಗಿಲದ ಅಸ್ಥಿಪಂಜರ ಆಮೇಲೆ. ಪುಕ್ಕಟೆಯಾದರೂ ಪ್ರವೇಶದ ಸಮಯ ಕಾಯ್ದಿರಿಸಿ. ಎದುರಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ (ವಿ ಆಂಡ್ ಎ) ಮ್ಯೂಸಿಯಂನ ಸಂಗ್ರಹದಲ್ಲಿ ಟಿಪ್ಪುವಿನ ಹುಲಿ ಇದೆ: ಯುರೋಪಿಯನ್ ಸಿಪಾಯಿಯ ಮೇಲೆ ಬಿದ್ದಿರುವ ಮರದ ಹುಲಿ, ಹೊಟ್ಟೆಯೊಳಗೆ ವಾದ್ಯ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತೊಯ್ದದ್ದು. ನವೀಕರಣದ ವೇಳೆ ವಸ್ತುಗಳು ಜಾಗ ಬದಲಿಸುವುದುಂಟು, ಹಾಗಾಗಿ ಹೋಗುವ ಮುಂಚೆ ಜಾಲತಾಣದಲ್ಲಿ ಅದರ ಹೆಸರು ಹುಡುಕಿ, ಪ್ರದರ್ಶನದಲ್ಲಿದೆಯೇ, ಯಾವ ಕೋಣೆ ಎಂದು ನೋಡಿಕೊಳ್ಳಿ.

ಗ್ರೀನಿಚ್‌ಗೆ ಬ್ಯಾಂಕ್ ನಿಲ್ದಾಣದಿಂದ ಡಿ.ಎಲ್.ಆರ್. ರೈಲು. ಚಾಲಕನ ಕೋಣೆ ಇಲ್ಲದ ರೈಲದು, ಮುಂದಿನ ಸೀಟು ಸಿಕ್ಕಿದರೆ ಮಕ್ಕಳು ತಾವೇ ಓಡಿಸುತ್ತಾರೆ. ಕಟ್ಟಿ ಸಾರ್ಕ್ ನಿಲ್ದಾಣದಲ್ಲಿ ಇಳಿದರೆ 1869ರ ಹಡಗು ಅಲ್ಲೇ. ವೀಕ್ಷಣಾಲಯದ ಗುಡ್ಡ ಕಡಿದಾಗಿದೆ. ಹತ್ತಲಾಗದವರಿಗೆ ಕೆಳಗೇ ಪುಕ್ಕಟೆ ಕಡಲ ಮ್ಯೂಸಿಯಂ ಇದೆ. ಸೊನ್ನೆ ರೇಖಾಂಶದ ಮೇಲೆ ಕಾಲಿಡಲು ಅಂಗಳದ ಟಿಕೆಟ್ ಬೇಕಿಲ್ಲ, ಹೊರಗಿನ ಕಾಲುದಾರಿಯಲ್ಲೂ ಅದೇ ಗೆರೆ ಹಾದುಹೋಗಿದೆ. ವಾಪಸ್ ದೋಣಿಯಲ್ಲಿ ಬನ್ನಿ. ದೋಣಿಗೂ ಕಾರ್ಡ್ ನಡೆಯುತ್ತದೆ, ಆದರೆ ಅದರ ದುಡ್ಡು ದಿನದ ಮಿತಿಗೆ ಸೇರುವುದಿಲ್ಲ.

ಬ್ರಿಟಿಷ್ ಮ್ಯೂಸಿಯಂಗೆ ಮಕ್ಕಳೊಂದಿಗೆ ಎರಡು ಗಂಟೆ ಸಾಕು: ರೊಸೆಟ್ಟಾ ಕಲ್ಲು, ಮಮ್ಮಿಗಳು, ಅಮರಾವತಿಯ ಶಿಲ್ಪಗಳು. ಶುಕ್ರವಾರ ರಾತ್ರಿ ಎಂಟೂವರೆವರೆಗೆ ತೆರೆದಿರುತ್ತದೆ. ಗಾಲಿಯ ಸೂಟ್‌ಕೇಸ್ ಒಳಗೆ ಬಿಡುವುದಿಲ್ಲ, ಹಾಗಾಗಿ ಹೋಟೆಲ್ ಖಾಲಿ ಮಾಡಿದ ದಿನ ಇಲ್ಲಿಗೆ ಬರುವ ಯೋಜನೆ ಹಾಕಬೇಡಿ.

ಮಾಂತ್ರಿಕ ಶಾಲೆಯ ಹ್ಯಾರಿ ಪಾಟರ್ ಕಥೆಯ ಅಭಿಮಾನಿಗಳು ಮನೆಯಲ್ಲಿದ್ದರೆ ವ್ಯಾಟ್‌ಫರ್ಡ್ ಬಳಿಯ ವಾರ್ನರ್ ಬ್ರದರ್ಸ್ ಸ್ಟುಡಿಯೊಗೆ ಒಂದಿಡೀ ದಿನ ಎತ್ತಿಡಿ. ಬಾಗಿಲಲ್ಲಿ ಟಿಕೆಟ್ ಮಾರುವುದಿಲ್ಲ. ವಿಮಾನದ ಟಿಕೆಟ್ ಆದ ಕೂಡಲೇ ಅದನ್ನು ಕೊಳ್ಳಿ, ಉಳಿದ ದಿನಗಳನ್ನು ಅದರ ಸುತ್ತ ಜೋಡಿಸಿ.

ಹತ್ತಾರು ಜಾಗಗಳ ಒಟ್ಟು ಪಾಸ್ ಲಾಭ ಕೊಡುವುದು ದಿನಕ್ಕೆ ಎರಡು ಮೂರು ದುಬಾರಿ ಜಾಗ ಓಡಿಓಡಿ ನೋಡುವವರಿಗೆ. ಮಕ್ಕಳು, ಹಿರಿಯರ ಜೊತೆ ಅದು ನಷ್ಟವೇ.

ಊಟ, ಹಣ, ಇತ್ಯಾದಿ

ಮಧ್ಯಾಹ್ನಕ್ಕೆ ಸೂಪರ್‌ಮಾರ್ಕೆಟ್‌ಗಳ ‘ಮೀಲ್ ಡೀಲ್’ ಅಗ್ಗ: ಸ್ಯಾಂಡ್‌ವಿಚ್, ಒಂದು ಕುರುಕಲು, ಒಂದು ಪಾನೀಯ. ಸಸ್ಯಾಹಾರಿಗಳು ‘ವೀಗನ್’ ಗುರುತನ್ನೇ ನೋಡಿದರೆ ಮೊಟ್ಟೆಯ ಗೊಂದಲವೂ ಇರುವುದಿಲ್ಲ. ಮೆತ್ತನೆಯ ಜೆಲ್ಲಿ ಮಿಠಾಯಿಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುವುದು ಸಾಮಾನ್ಯ. ನಲ್ಲಿಯ ನೀರು ಕುಡಿಯಲು ಯೋಗ್ಯ, ಬಾಟಲಿ ಕೊಳ್ಳಬೇಡಿ. ಯೂಸ್ಟನ್ ಬಳಿಯ ಡ್ರಮಂಡ್ ಸ್ಟ್ರೀಟ್‌ನಲ್ಲಿ ದೋಸೆ, ಚಾಟ್ ಸಿಗುತ್ತದೆ. ಈಸ್ಟ್ ಹ್ಯಾಮ್ ಕಡೆ ದಕ್ಷಿಣ ಭಾರತದ ಊಟ, ದಿನಸಿ ಎರಡೂ. ರೆಸ್ಟೋರೆಂಟ್ ಬಿಲ್ಲಿನಲ್ಲಿ ಹನ್ನೆರಡೂವರೆ ಶೇಕಡಾ ಸೇವಾ ಶುಲ್ಕ ಸೇರಿಸಿರುವುದುಂಟು. ಅದರ ಮೇಲೆ ಮತ್ತೆ ಟಿಪ್ಸ್ ಬೇಡ.

ಕಾರ್ಡ್ ಯಂತ್ರ ರೂಪಾಯಿಯಲ್ಲಿ ಕೊಡುತ್ತೀರಾ, ಪೌಂಡಿನಲ್ಲಾ ಎಂದು ಕೇಳಿದರೆ ಪೌಂಡ್ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಕೈ ಕಚ್ಚುತ್ತದೆ. ನೆಂಟರು ತಮ್ಮ ಹಳೆಯ ಪ್ರವಾಸದಲ್ಲಿ ಉಳಿದ ಪೌಂಡ್ ಕೊಟ್ಟರೆ ಪರೀಕ್ಷಿಸಿ. ಕಾಗದದ ನೋಟುಗಳು ಈಗ ಅಂಗಡಿಗಳಲ್ಲಿ ನಡೆಯುವುದಿಲ್ಲ, 2022ರ ಸೆಪ್ಟೆಂಬರ್‌ಗೆ ಕೊನೆಯವೂ ಹೋದವು. ಗುಂಡನೆಯ ಒಂದು ಪೌಂಡ್ ನಾಣ್ಯವೂ ಹೋಗಿದೆ, ಈಗಿನದಕ್ಕೆ ಹನ್ನೆರಡು ಮೂಲೆ.

ಬೀದಿಯಲ್ಲಿ ಶೌಚಾಲಯ ವಿರಳ. ಮ್ಯೂಸಿಯಂ ಬಿಡುವ ಮುಂಚೆ ಎಲ್ಲರೂ ಹೋಗಿಬರುವುದು ನಿಯಮವಾಗಲಿ. ಯೂಸ್ಟನ್, ಕಿಂಗ್ಸ್ ಕ್ರಾಸ್, ವಾಟರ್‌ಲೂನಂಥ ದೊಡ್ಡ ರೈಲು ನಿಲ್ದಾಣಗಳಲ್ಲಿ ಪುಕ್ಕಟೆ. ಫುಟ್‌ಪಾತಿನ ಅಂಚಿನಲ್ಲಿ ನಿಂತು ಫೋನಿನಲ್ಲಿ ನಕ್ಷೆ ನೋಡಬೇಡಿ, ಸೈಕಲ್ಲಿನಲ್ಲಿ ಬಂದು ಕಿತ್ತುಕೊಂಡು ಹೋಗುತ್ತಾರೆ. ಗೋಡೆಯ ಕಡೆ ಸರಿದು ನೋಡಿ. ಭಾನುವಾರ ದೊಡ್ಡ ಅಂಗಡಿಗಳು ಆರು ಗಂಟೆ ಕಾಲ ಮಾತ್ರ ವ್ಯಾಪಾರ ಮಾಡುತ್ತವೆ, ದಿನಸಿ ಶನಿವಾರವೇ ತನ್ನಿ.

ವಾಪಸಾಗುವ ದಿನ

ಪ್ರವಾಸಿಗರಿಗೆ ವ್ಯಾಟ್ ಮರುಪಾವತಿ 2021ರಿಂದ ಇಲ್ಲ, ಅದಕ್ಕಾಗಿ ರಸೀದಿ ಹಿಡಿದು ಬೇಗ ಹೋಗಬೇಕಿಲ್ಲ. ಟರ್ಮಿನಲ್ ಸಂಖ್ಯೆ ಮಾತ್ರ ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಪಿಕಡಿಲಿ ರೈಲುಗಳಲ್ಲಿ ಕೆಲವು ನಾಲ್ಕನೇ ಟರ್ಮಿನಲ್‌ಗೆ, ಕೆಲವು ಐದಕ್ಕೆ ಹೋಗುತ್ತವೆ. ಹತ್ತುವಾಗ ರೈಲಿನ ಹಣೆಯ ಮೇಲಿನ ಬರಹ ಓದಿ. ತಪ್ಪು ರೈಲು ಹತ್ತಿದ್ದು ಗೊತ್ತಾದರೆ ಎರಡು-ಮೂರನೇ ಟರ್ಮಿನಲ್‌ಗಳ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಉಳಿದ ಟರ್ಮಿನಲ್‌ಗಳಿಗೆ ರೈಲು ಪುಕ್ಕಟೆ.